ಬೆಳ್ಳಗೆ ಹಚ್ಚತಕ್ಕದ್ದು

ಕಳೆದ ಪೊಂಗಲ್ ಹಬ್ಬದಿಂದ ತಮಿಳುನಾಡಿನ ಕಂಬಂ ಕಣಿವೆಯಲ್ಲಿ ‘ಬೆಳ್ಳಗೆ’ ಎಂದರೆ ‘ತೆಳ್ಳಗೆ’ ಎಂದು ಅರ್ಥ. ಇದು ಕಂಬಂ ಕಣಿವೆ ಮನೆಮಾತು ಕ್ಷೇಮ ಸಂಘದ ಸರ್ವಾನುಮತದ ತೀರ್ಮಾನ. ತೇನಿ ಬಸ್ ನಿಲ್ದಾಣ ದಾಟಿದ ಮೇಲೆ ಹಳೆಯ ಅರ್ಥವೇ ಚಾಲ್ತಿಯಲ್ಲಿರುತ್ತದೆ. ಪ್ರಯಾಣಿಕರು ಬಸ್ಸಿನಲ್ಲಿ ಮಾತಾಡುವಾಗ ಇದನ್ನು ಗಮನದಲ್ಲಿಡತಕ್ಕದ್ದು.

ಈ ತೀರ್ಮಾನ ಕೇಳಿ ಕೆಲವರು ನಕ್ಕರೆಂದು ವರದಿಯಾಗಿದೆ. ಅವರು ಹೊರಗಿನವರು. ಸಂಘದ ಜಂಟಿ ಕಾರ್ಯದರ್ಶಿ ನಾನು; ಬರೆಯುವ ಕನ್ನಡ ಬಲ್ಲ ಪದಾಧಿಕಾರಿಯೂ ನಾನೊಬ್ಬನೇ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ದಾಖಲಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಸಂಘದ ಘನತೆಗೆ ಕುಂದು ಬರುವಂಥದ್ದು ಏನೂ ನಡೆದಿಲ್ಲ.

ದೀಪಾವಳಿಗೆ ಮುಂಚೆ ತೇನಿಯಿಂದ ಚರ್ಮದ ಡಾಕ್ಟರ್ ಮಣಿಮೇಗಲೈ ನಮ್ಮ ಸಂಘಕ್ಕೆ ಬಂದಿದ್ದರು. ಸ್ಟೀರಾಯ್ಡ್ ಮುಲಾಮುಗಳನ್ನು ಜನ ಮೆಡಿಕಲ್ ಷಾಪಿನಲ್ಲಿ ಕೇಳಿ ಪಡೆದು, ಕಜ್ಜಿಗೂ ಹಚ್ಚುತ್ತಾರೆ, ಮೊಡವೆಗೂ ಹಚ್ಚುತ್ತಾರೆ, ಏನೂ ಇಲ್ಲದಿದ್ದರೆ ಬಣ್ಣ ಬರಲೆಂದು ಹಚ್ಚುತ್ತಾರೆ, ಆಮೇಲೆ ಮುಖ ಕೆಡಿಸಿಕೊಂಡು ತಮ್ಮ ಬಳಿ ಬರುತ್ತಾರೆ ಎಂದು ಬೇಸರಪಟ್ಟರು. ಸರಿಯಾಗಿ ಬಳಸಿದರೆ ಅದು ಒಳ್ಳೆಯ ಔಷಧಿಯೇ. ಬಳಸುವ ಕ್ರಮ ತಿಳಿಸುವ ಒಂದು ನೋಟೀಸು ಹಂಚಿ ಎಂದು ಕೇಳಿಕೊಂಡರು. ಅಧ್ಯಕ್ಷರಾದ ತಂಗರಾಜ್ ಕೂಡಲೇ ಒಪ್ಪಿದರು. ಹಳೆಯ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಷಾಪ್ ಅವರದೇ ಆದ್ದರಿಂದ ಜನರ ಆರೋಗ್ಯದ ಬಗ್ಗೆ ಅವರಿಗಿರುವಷ್ಟು ಕಾಳಜಿ ಬೇರೆಯವರಿಗಿಲ್ಲ.

ನೋಟೀಸು ತಮಿಳಿನಲ್ಲಿ ಬೇಡ, ನಮ್ಮ ಮನೆಮಾತಿನಲ್ಲೇ ಇರಲಿ ಎಂದು ಸಭೆ ತೀರ್ಮಾನಿಸಿತು. ಇಲ್ಲಿ ಒಂದು ವಿವರಣೆ ಅಗತ್ಯ. ನಮ್ಮ ಹಿರಿಯರು ಈ ಕಣಿವೆಗೆ ಬಂದು ಎಷ್ಟೋ ನೂರು ವರ್ಷಗಳಾದವು. ಬರುವಾಗ ಎತ್ತು ತಂದರು, ಬಿತ್ತನೆ ಬೀಜ ತಂದರು, ಕನ್ನಡ ಮಾತು ತಂದರು. ಅಕ್ಷರ ತರುವುದನ್ನು ಮರೆತರು. ಹಾಗಾಗಿ ಮನೆಯಲ್ಲಿ ಆಡುವುದು ಕನ್ನಡ, ಬರೆಯಬೇಕಾಗಿ ಬಂದರೆ ತಮಿಳು ಅಕ್ಷರ. ಸಂಘದ ನಡಾವಳಿ ಬಿಟ್ಟರೆ, ಬರೆಯಬೇಕಾಗಿ ಬಂದದ್ದು ಇದೇ ಮೊದಲು.

ಡಾಕ್ಟರ್ ಹೇಳಿದ ಕ್ರಮ ನಾಲ್ಕೇ ಸಾಲು. ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದು. ಮುಖಕ್ಕೆ ಹಚ್ಚಬಾರದು. ಹೇಳಿದ ದಿನಗಳಿಗಿಂತ ಹೆಚ್ಚು ಹಚ್ಚಬಾರದು. ದಿನಕ್ಕೆ ಎರಡು ಸಲ, ‘ಮೆಲ್ಲಿಸಾ’ ಹಚ್ಚಬೇಕು. ಮೆಲ್ಲಿಸಾ ಎಂಬ ತಮಿಳು ಮಾತಿಗೆ ನಾನು ‘ತೆಳ್ಳಗೆ’ ಎಂದು ಬರೆದುಕೊಟ್ಟೆ.

ಅಚ್ಚಿನ ಕೆಲಸ ಸತೀಶ್‌ಕುಮಾರ್‌ಗೆ ಹೋಯಿತು. ಈತ ಅಧ್ಯಕ್ಷರ ಅಕ್ಕನ ಮಗ, ಫ್ಲೆಕ್ಸ್ ಬೋರ್ಡು ಮಾಡುವ ಅಂಗಡಿ ಇಟ್ಟಿದ್ದಾನೆ, ನಮ್ಮ ಈಗಿನ ಮಕ್ಕಳಂತೆಯೇ ಮನೆಮಾತು ಕೇಳಿದರೆ ತಿಳಿಯುತ್ತದೆ, ಆಡಲು ಬಾರದು. ‘ತೆಳ್ಳಗೆ’ ಎಂಬ ಪದವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವರ ಮನೆಯಲ್ಲಿ ದೋಸೆ ದಪ್ಪ. ‘ಬೆಳ್ಳಗೆ’ ಎಂಬುದನ್ನು ಮಾತ್ರ ದಿನಾ ಕೇಳಿದ್ದ. ಮಗು ಹುಟ್ಟಿದರೆ ಬೆಳ್ಳಗಿದೆಯೇ ಎನ್ನುತ್ತಾರೆ, ಸೊಸೆ ಬಂದರೆ ಬೆಳ್ಳಗಿದ್ದಾಳೆಯೇ ಎನ್ನುತ್ತಾರೆ. ಜಂಟಿ ಕಾರ್ಯದರ್ಶಿಗಳ ಪೆನ್ನು ಜಾರಿದೆ ಎಂದು ತಿಳಿದು, ನನ್ನ ಮರ್ಯಾದೆ ಉಳಿಸಲು, ಅವನು ಒಂದಕ್ಷರ ತಿದ್ದಿದ.

ಅಧ್ಯಕ್ಷರ ಭಾವಚಿತ್ರ ದೊಡ್ಡದಾಗಿ ಬರಬೇಕಾಗಿದ್ದರಿಂದ ಸ್ಥಳದ ಅಭಾವ ಉಂಟಾಯಿತು. ಅವರ ಮುಖಕ್ಕಾಗಿ ‘ಮುಖಕ್ಕೆ ಹಚ್ಚಬಾರದು’ ಎಂಬ ಸಾಲನ್ನು ತೆಗೆಯಲಾಯಿತು. ನೋಟೀಸಿಗೆಂದೇ ರಚಿಸಿದ ಭಾಷಾ ಉಪಸಮಿತಿಯ ಸದಸ್ಯರ ಹೆಸರುಗಳಿಗಾಗಿ ದಿನಗಳ ಸಾಲೂ ಹೋಯಿತು. ಉಳಿದದ್ದು ಇಷ್ಟು:

‘ಚೀಟಿ ಇಲ್ಲದೆ ಮುಲಾಮು ಕೊಳ್ಳಬಾರದು. ದಿನಕ್ಕೆ ಎರಡು ಸಲ ಬೆಳ್ಳಗೆ ಹಚ್ಚತಕ್ಕದ್ದು. ಇಂತಿ, ನಿಮ್ಮ ಸಂಘ.’

ನೋಟೀಸಿಗೆ ಸಿಕ್ಕ ಸ್ವಾಗತವನ್ನು ನಾವು ನಿರೀಕ್ಷಿಸಿರಲಿಲ್ಲ. ನಮ್ಮ ಮಾತು ಕಾಗದದ ಮೇಲೆ ಕಂಡದ್ದು ಇದೇ ಮೊದಲೆಂದು ಹೆಂಗಸರು ಅದನ್ನು ದೇವರ ಪಟದ ಪಕ್ಕ ಅಂಟಿಸಿಕೊಂಡರು. ದ್ರಾಕ್ಷಿ ತೋಟದ ಓಚ್ಚಮ್ಮಾಳ್ ಅವರಂತೂ ಅರಿಶಿನ ಕುಂಕುಮ ಇಟ್ಟರು. ಐದನೆಯ ತರಗತಿಯವರೆಗೆ ಓದಿದ ಅವರು ನೋಟೀಸನ್ನು ಬೀದಿಯವರಿಗೆಲ್ಲ ಓದಿ ಹೇಳುತ್ತಿದ್ದರು. ಅವರಿಗೆ ತಮಿಳರಸಿ ಎಂಬ ಮೊಮ್ಮಗಳು. ಮಗುವಿಗೆ ಮೊಣಕೈ ಮಡಿಕೆಯಲ್ಲಿ ಇಸಬು ಆಗಿತ್ತು. ಡಾಕ್ಟರ್ ಮಣಿಮೇಗಲೈ ಅವರೇ ಒಂದು ಸೌಮ್ಯವಾದ ಮುಲಾಮು ಬರೆದುಕೊಟ್ಟು, ಎರಡು ವಾರ ಹಚ್ಚಿ ನಿಲ್ಲಿಸಿ ಎಂದಿದ್ದರು, ವಾಸಿಯೂ ಆಗಿತ್ತು. ನೋಟೀಸು ಬಂದ ಮೇಲೆ ಓಚ್ಚಮ್ಮಾಳ್, ಮಗು ಇನ್ನೂ ಬೆಳ್ಳಗಾಗಿಲ್ಲವೆಂಬುದನ್ನು ಗಮನಿಸಿ, ಮುಲಾಮನ್ನು ಮುಂದುವರಿಸಿದರು. ಮೊಣಕೈ ಬೆಳ್ಳಗಾಗಿ ಯಾರಿಗೇನು ಲಾಭ ಎಂದು ಕೆನ್ನೆಗೆ ಹಚ್ಚಿದರು.

ಚೀಟಿಯ ನಿಯಮವನ್ನು ಅಧ್ಯಕ್ಷರು ಕಟ್ಟುನಿಟ್ಟಾಗಿ ಪಾಲಿಸಿದರು. ಔಷಧಿ ಕೊಳ್ಳುವಾಗ ಓಚ್ಚಮ್ಮಾಳ್ ಮಗುವಿನ ಚೀಟಿಯನ್ನು ಷಾಪಿನಲ್ಲೇ ಮರೆತಿದ್ದರು. ಅಧ್ಯಕ್ಷರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ತೂತು ಮಾಡಿ, ದಾರ ಕಟ್ಟಿ ಕೌಂಟರಿನ ಮೇಲೆ ನೇತುಹಾಕಿದರು. ಮುಲಾಮು ಬೇಕಾದವರು ಮೊದಲು ಆ ಚೀಟಿಯನ್ನು ಕೈಯಲ್ಲಿ ಹಿಡಿಯಬೇಕು, ಆಮೇಲೆ ಕೇಳಬೇಕು. ಚೀಟಿ ಹಿಡಿಯದವರಿಗೆ ಕೊಡುವುದಿಲ್ಲ. ದಾಖಲೆಯ ಪ್ರಕಾರ ಈ ಅವಧಿಯಲ್ಲಿ ಕಣಿವೆಯಲ್ಲಿ ಮುಲಾಮು ಕೊಂಡವರೆಲ್ಲರೂ ತಮಿಳರಸಿ, ಹೆಣ್ಣು, ಆರು ವರ್ಷ. ಲಾರಿ ಚಾಲಕರೂ ತಮಿಳರಸಿಯೇ, ಮದುವೆಗೆ ನಿಂತ ಗಂಡುಗಳೂ ತಮಿಳರಸಿಯೇ. ಚೀಟಿಯಲ್ಲಿದ್ದ ಸೌಮ್ಯ ಮುಲಾಮು ಮುಗಿದುಹೋದಾಗ ಅಧ್ಯಕ್ಷರು ಅದರ ಬದಲು ಸ್ವಲ್ಪ ಜೋರಿನದು ಕೊಟ್ಟರು. ಜೋರಿನದು ಕೇಳಿದರೆ ಕೊಡಬಾರದೆಂದು ನೋಟೀಸಿನಲ್ಲಿ ಎಲ್ಲೂ ಇಲ್ಲ.

ಮಗುವಿನ ತಾಯಿ ಅಮುದಾ ಪೆರಿಯಕುಳಂನಲ್ಲಿ ಟೀಚರ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾರೆ. ಶಾಲೆಯ ಹೊತ್ತು ಬಿಟ್ಟರೆ ಮಗು ಅಜ್ಜಿಯ ಬಳಿ. ಅಮುದಾ ಮೊದಲು ಟ್ಯೂಬನ್ನು ಬೀರುವಿನ ಮೇಲೆ ಬಚ್ಚಿಟ್ಟರು; ಓಚ್ಚಮ್ಮಾಳ್ ಷಾಪಿಗೆ ಹೋಗಿ ಚೀಟಿ ಹಿಡಿದು ಇನ್ನೊಂದು ತಂದರು. ಅಮುದಾ ಅತ್ತೆಯೊಂದಿಗೆ ವಾದಿಸಿದರು. ಆ ವಾದವನ್ನು ಓಚ್ಚಮ್ಮಾಳ್ ಅವರೇ ಆಮೇಲೆ ನಮಗೆ ಹೆಮ್ಮೆಯಿಂದ ವರದಿ ಮಾಡಿದ್ದಾರೆ.

“ನಿನ್ ಡಾಕ್ಟ್ರು ಹೇಳೋದು ತಮಿಳ್ನಾಗೆ. ಇದು ನಮ್ ಮಾತ್ನಾಗೆ ಐತೆ. ನಮ್ ಮಾತ ಅಚ್ಚಾಗಿ ನಾ ಈ ವಯಸ್ನಾಗೆ ಕಂಡೆ. ನಮ್ ಮಾತ್ನಾಗೆ ಯಾರೂ ಸುಳ್ ಅಚ್ಚಾಕಾಕಿಲ್ಲ ಕಣಮ್ಮಾ. ಸಂಗ ನಿಲ್ಸು ಅಂದ್ರೆ ನಿಲ್ಲುಸ್ತೀನಿ.”

ಹಾಗಾಗಿ ಅಮುದಾ ಸಂಘದ ಬಾಗಿಲಿಗೆ ಬಂದರು. ಸಂಘಕ್ಕೆ ಬೇರೆ ಕಟ್ಟಡವಿಲ್ಲ. ಅಧ್ಯಕ್ಷರ ಮೆಡಿಕಲ್ ಷಾಪಿನ ಬಾಗಿಲೇ ಸಂಘದ ಬಾಗಿಲು. ನಾನೂ ಅಲ್ಲಿದ್ದೆ.

“ಮಾವಾ, ನೋಟೀಸ್ನಾಗೆ ಒಂದ್ ಎಳುತ್ತು ತಪ್ಪಾಗೈತೆ,” ಎಂದರು ಅಮುದಾ. ಎಳುತ್ತು ಎಂದರೆ ನಮ್ಮ ಕಡೆ ಅಕ್ಷರ.

“ಯಾವ ಎಳುತ್ತು ತಾಯಿ?”

“‘ತೆ’ ಇರ್ಬೇಕಾದ ಕಡೆ ‘ಬೆ’ ಐತೆ.”

“ಒಂದೇ ಎಳುತ್ತಾ?”

“ಒಂದೇ ಮಾವಾ.”

“ಮಿಕ್ಕಿದ್ದೆಲ್ಲಾ ಸರಿಯಾಗೈತಾ?”

“ಸರಿಯಾಗೈತೆ.”

“ಹಂಗಾರೆ ಒಳ್ಳೇ ಅಚ್ಚು,” ಎಂದರು ಅಧ್ಯಕ್ಷರು. “ಸತೀಶನಿಗೆ ಹೇಳ್ತೀನಿ. ಸಂತೋಸ ಪಡ್ತಾನೆ.”

ಅಮುದಾ ಕೌಂಟರಿನ ಹತ್ತಿರಕ್ಕೆ ಬಂದರು. ಅವರ ಕಣ್ಣು ದಾರದಲ್ಲಿ ತೂಗುತ್ತಿದ್ದ ಚೀಟಿಯ ಮೇಲಿತ್ತು. “ಪಾಪಾನ ಕೆನ್ನೆ ಉರೀತೈತೆ ಮಾವಾ. ಬಿಸ್ಲಿಗೆ ಹೋದ್ರೆ ಅಳ್ತಾಳೆ. ಒಂದಿನ ಹಚ್ಚದೆ ಬಿಟ್ರೆ ಇನ್ನಾ ಕೆಂಪಾಗ್ತೈತೆ. ಅದ ನೋಡಿ ಅತ್ತೆ ಮತ್ತೆ ಹಚ್ತಾರೆ. ಸಂಗ ಹೇಳಿದ್ರೆ ನಿಲ್ಲುಸ್ತೀನಿ ಅಂತಾರೆ. ನೀವು ಬಂದು ಒಂದ್ ಮಾತು ಹೇಳಿದ್ರೆ ಸಾಕು.”

“ಒಂದ್ ಮಾತು ಹೇಳ್ಬೇಕಾರೆ ಕೂಟ ಕೂಡ್ಬೇಕಲ್ಲಾ ತಾಯಿ. ನಾ ಒಬ್ನೇ ಹೇಳಿದ್ರೆ ಅದು ತಂಗರಾಜ್ ಮಾತಾಗ್ತೈತೆ. ಸಂಗದ ಮಾತಾಗಾಕಿಲ್ಲ.”

ನೋಟೀಸಿನ ಮೇಲೆ ನಿಮ್ಮ ಮುಖ ಒಂದೇ ಇದೆಯಲ್ಲ ಎಂದು ಅಮುದಾ ಕೇಳಬಹುದಿತ್ತು. ಕೇಳಲಿಲ್ಲ. ಒಳ್ಳೆಯ ಮನೆತನದ ಹೆಣ್ಣುಮಗಳು.

ಕಾರ್ತಿಕ ಕಳೆದು ಮಾರ್ಗಳಿ ತಿಂಗಳಲ್ಲಿ ಸಭೆ ಸೇರಿತು. ಅಮುದಾ ಕರೆದಿದ್ದರಿಂದ ಡಾಕ್ಟರ್ ಮಣಿಮೇಗಲೈ ಕೂಡ ತೇನಿಯಿಂದ ಬಂದರು. ನೋಟೀಸು ನೋಡಿದ ಮೇಲೆ ಅವರು ಬಹಳ ಹೊತ್ತು ತಮಿಳಿನಲ್ಲಿ ಮಾತಾಡಿದರು. ಸಂಘದ ನಿಯಮದ ಪ್ರಕಾರ ಸಭೆಯ ನಡಾವಳಿ ಮನೆಮಾತಿನಲ್ಲಿ ಮಾತ್ರ ಇರತಕ್ಕದ್ದು. ತಮಿಳಿನಲ್ಲಿ ಆಡಿದ ಮಾತನ್ನು ‘ಅತಿಥಿಗಳು ಶುಭ ಹಾರೈಸಿದರು’ ಎಂದು ಬರೆಯುವುದು ವಾಡಿಕೆ. ಹಾಗೆಯೇ ಬರೆದೆ. ಹಾರೈಸುವಾಗ ಅವರ ದನಿ ಏರಿತ್ತು, ಮೇಜಿನ ಮೇಲೆ ಒಮ್ಮೆ ಬಡಿದರು.

ಅಧ್ಯಕ್ಷರು ಶಾಂತವಾಗಿ ಕೈ ಮುಗಿದರು. “ಡಾಕ್ಟ್ರಮ್ಮಾ, ಮರುಂದು ನಿಮ್ದು. ಅದ್ರಾಗೆ ನಾವು ತಲೆ ಹಾಕ್ತೀವಾ? ಎಳುತ್ತು ನಮ್ದು. ಅದ ನಮಗೆ ಬಿಟ್ಬಿಡಿ.” ಮರುಂದು ಎಂದರೆ ಔಷಧಿ.

ಡಾಕ್ಟರ್ ಹೋದ ಮೇಲೆ ತಿದ್ದುಪಡಿಯ ಚರ್ಚೆ ನಡೆಯಿತು. ತಪ್ಪಿನ ಮೇಲೆ ಚಿಕ್ಕ ಕಾಗದ ಅಂಟಿಸುವ ಸಲಹೆ ಬಂತು. ಆದರೆ ಆ ಸಾಲಿನ ಹಿಂದೆಯೇ ಅಧ್ಯಕ್ಷರ ಗಲ್ಲ ಇದ್ದು, ಕಾಗದ ಅದರ ಮೇಲೆ ಬೀಳುವುದರಿಂದ ಕೈಬಿಡಲಾಯಿತು. ಹೊಸದಾಗಿ ಅಚ್ಚು ಹಾಕುವ ಸಲಹೆ ಬಂತು. ದೇವರ ಪಕ್ಕದಲ್ಲಿರುವುದನ್ನು ಕೀಳಿಸಿದರೆ ಮನೆಗೆ ಕೇಡೆಂದು ಹೆಂಗಸರ ಕಡೆಯಿಂದ ಆಕ್ಷೇಪಣೆ ಬಂತು. ಆಗ ಹಿರಿಯ ಸದಸ್ಯರೂ ದ್ರಾಕ್ಷಿ ವ್ಯಾಪಾರಿಗಳೂ ಆದ ಕರುಪ್ಪಯ್ಯ ಎದ್ದು ನಿಂತು, ಸಂಘದ ಚರಿತ್ರೆಯಲ್ಲಿ ನಿಲ್ಲುವಂಥ ಮಾತಾಡಿದರು.

“ಎಳುತ್ತು ತಿದ್ದೋದು ಕಷ್ಟ. ಅರ್ಥ ತಿದ್ದೋದು ಸುಲಭ. ಅರ್ಥ ಎಲ್ಲೂ ಅಚ್ಚಾಗಿಲ್ಲಲ್ಲಾ.”

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಪೊಂಗಲ್ ಹಬ್ಬದ ಬೆಳಿಗ್ಗೆ ಷೇರ್ ಆಟೋಕ್ಕೆ ಮೈಕು ಕಟ್ಟಿ ಬೀದಿ ಬೀದಿಯಲ್ಲಿ ಈ ಪ್ರಕಟಣೆಯನ್ನು ಕೂಗಲಾಯಿತು:

‘ಮನೆಮಾತಿನ ಮಹಾಜನರ ಗಮನಕ್ಕೆ. ಇಂದಿನಿಂದ ಬೆಳ್ಳಗೆ ಎಂದರೆ ತೆಳ್ಳಗೆ. ಗೊಂದಲ ತಪ್ಪಿಸಲು ತೆಳ್ಳಗೆ ಎಂಬ ಪದದ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ಬಿಳಿಯ ಬಣ್ಣದ ಬಗ್ಗೆ ಮಾತಾಡಲೇಬೇಕಾದವರು ಹತ್ತಿರದ ಸುಣ್ಣದ ಗೋಡೆಯನ್ನು ಬೆರಳಿನಿಂದ ತೋರಿಸತಕ್ಕದ್ದು. ಸಹಕರಿಸಿ.’

ಮಹಾಜನರು ಸಹಕರಿಸಿದರು. ಮೊದಲ ವಾರ ನಾಲಿಗೆ ತೊಡರಿತು. ಆಮೇಲೆ ಅನುಕೂಲಗಳು ಒಂದೊಂದಾಗಿ ಕಂಡವು. ನೀರು ಬೆರೆಸಿದ್ದಕ್ಕೆ ಮನೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಹಾಲಿನ ವೇಲುಸಾಮಿಗೆ ಈಗ ಎಲ್ಲರೂ ‘ನಿನ್ನ ಹಾಲು ಬೆಳ್ಳಗಿದೆ’ ಎನ್ನುತ್ತಾರೆ. ಅವನು ಕೈ ಮುಗಿದು ಮುಂದಿನ ಮನೆಗೆ ಹೋಗುತ್ತಾನೆ. ಮದುವೆಯ ಮಾತುಕತೆಗಳಲ್ಲಿ ಹುಡುಗಿ ಬೆಳ್ಳಗಿದ್ದಾಳೆ ಎಂದು ಸುಳ್ಳು ಹೇಳುತ್ತಿದ್ದ ದಲ್ಲಾಳಿಗಳು ಒಂದೇ ಏಟಿಗೆ ಸತ್ಯವಂತರಾದರು. ದಪ್ಪ ಹುಡುಗಿಯರ ತಂದೆಯರಿಂದ ದೂರು ಬಂದಿದ್ದು, ಪರಿಶೀಲನೆಯಲ್ಲಿದೆ.

ಪ್ರಕಟಣೆ ಕೇಳಿದ ಅಮುದಾ, ಒಲೆಯ ಮೇಲೆ ಪೊಂಗಲ್ ಇನ್ನೂ ಉಕ್ಕುತ್ತಿರುವಾಗಲೇ ಅತ್ತೆಯ ಕೈಯಿಂದ ಟ್ಯೂಬ್ ತೆಗೆದುಕೊಂಡರಂತೆ. ಅತ್ತೆ ವಿರೋಧಿಸಲಿಲ್ಲ. ಸಂಘ ಹೇಳಿದ ಮೇಲೆ ಮುಗಿಯಿತು ಎಂದರಂತೆ. ಆ ದಿನ ಮಧ್ಯಾಹ್ನದವರೆಗೆ ಮಗುವಿನ ಕೆನ್ನೆಗೆ ಏನನ್ನೂ ಹಚ್ಚಲಿಲ್ಲ. ಆದರೆ ಓಚ್ಚಮ್ಮಾಳ್ ನಿಯಮಕ್ಕೆ ತಪ್ಪುವವರಲ್ಲ. ಸಂಜೆ ಷಾಪಿಗೆ ಬಂದು ಒಂದು ಸಂದೇಹ ಎತ್ತಿದರು.

“ತಂಬೀ, ಅರ್ಥ ಇವತ್ತು ಬದ್ಲಾಯ್ತು. ನೋಟೀಸು ದೀಪಾವಳಿ ಟೈಮಿಂದು. ಹಳೇ ನೋಟೀಸಿಗೆ ಹೊಸ ಅರ್ಥ ಆಗ್ತೈತಾ?”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಅವರ ಹಿಂದೆ ಕಪಾಟಿನಲ್ಲಿ, ಆ ವಾರವಷ್ಟೇ ಬಂದ ಮುಲಾಮಿನ ಪೆಟ್ಟಿಗೆಗಳು ಮಾಡು ಮುಟ್ಟುವಂತೆ ಜೋಡಿಸಿದ್ದವು. ಅವರು ಒಮ್ಮೆ ಅತ್ತ ತಿರುಗಿ ನೋಡಿದರು.

“ಒಳ್ಳೇ ಕೇಳ್ವಿ ಅಕ್ಕಾ,” ಎಂದರು. “ಯಾವ ಸಟ್ಟಾನೂ ಹಿಂದಕ್ಕೋಗಿ ಜಾರಿಯಾಗಾಕಿಲ್ಲ. ಹಳೇ ನೋಟೀಸಿಗೆ ಹಳೇ ಅರ್ಥ.”

ಸಟ್ಟ ಎಂದರೆ ಕಾನೂನು. ಕಾನೂನಿನ ಈ ಅಂಶ ನನಗೂ ಹೊಳೆದಿರಲಿಲ್ಲ. ಓಚ್ಚಮ್ಮಾಳ್ ಸಮಾಧಾನದಿಂದ ಚೀಟಿ ಹಿಡಿದರು.

ಹಬ್ಬದ ರಜೆ ಮುಗಿದ ಮರುದಿನ ಬೆಳಿಗ್ಗೆ ಅಮುದಾ ಬಸ್ಸಿಗೆ ಹೋಗುವ ದಾರಿಯಲ್ಲಿ ನನ್ನ ಮನೆಯ ಮುಂದೆ ನಿಂತರು. “ಅಣ್ಣಾ, ಬರ್ದೋರು ನೀವೇ ಅಲ್ವಾ. ನೀವ್ ಬರ್ದಿದ್ದು ‘ತೆಳ್ಳಗೆ’ ಅಂತ ಅತ್ತೆಗೆ ನೀವಾದ್ರೂ ಹೇಳಿ.” ನಾನು, ಆ ಪದದ ಬಳಕೆ ಸದ್ಯ ನಿಂತಿರುವುದರಿಂದ ಅದನ್ನು ಬಾಯಲ್ಲಿ ಹೇಳುವುದು ಪದಾಧಿಕಾರಿಗೆ ತರವಲ್ಲವೆಂದು ತಿಳಿಸಿದೆ. ಅವರು ನನ್ನ ಮುಖ ನೋಡಿದರು. ಬಸ್ಸು ಬಂದದ್ದರಿಂದ ಮಾತು ಮುಂದುವರಿಯಲಿಲ್ಲ. ಬಸ್ಸು ಬಂದದ್ದು ಒಳ್ಳೆಯದೇ ಆಯಿತು.

ಮಾಸಿ ತಿಂಗಳಲ್ಲಿ, ಬಿಸಿಲು ಏರುವ ಹೊತ್ತಿಗೆ, ನೋಟೀಸು ಕಾರ್ಯಕ್ರಮದ ಸಮಾರೋಪ ಸಮಾರಂಭವನ್ನು ಮದುವೆ ಮಂಟಪವೊಂದರಲ್ಲಿ ಏರ್ಪಡಿಸಲಾಗಿತ್ತು. ಮಾದರಿ ಬಳಕೆದಾರರೆಂದು ಓಚ್ಚಮ್ಮಾಳ್ ಅವರಿಗೆ ಶಾಲು ಹೊದಿಸುವುದೆಂದು ನಿಶ್ಚಯವಾಗಿತ್ತು. ನಿಲಕ್ಕೋಟ್ಟೈಯಿಂದ ಹೂವಿನ ಹಾರಗಳು ಬಂದಿದ್ದವು. ಅಮುದಾ ಆ ದಿನ ಶಾಲೆಗೆ ರಜೆ ಹಾಕಿ, ಬೆಳಿಗ್ಗೆಯೇ ಮಗುವನ್ನು ತೇನಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿ, ಅಲ್ಲಿಂದ ನೇರವಾಗಿ ಮಂಟಪಕ್ಕೆ ಬಂದರು. ಮಗುವಿನ ತಲೆಯ ಮೇಲೆ ಸೆರಗು ಮುಚ್ಚಿದ್ದರು. ವೇದಿಕೆ ಹತ್ತಿ ಸೆರಗು ತೆಗೆದರು.

ಕೆನ್ನೆ ಕೆಂಪಾಗಿತ್ತು. ಒಳಗಿನ ನರಗಳು ಸಣ್ಣ ಕೆಂಪು ದಾರಗಳಂತೆ ಮೇಲಕ್ಕೇ ಕಾಣುತ್ತಿದ್ದವು. ನನಗೆ ಅತ್ತ ನೋಡಲು ಆಗಲಿಲ್ಲ; ವರದಿ ಬರೆಯುವವನು ಎಲ್ಲವನ್ನೂ ನೋಡಬೇಕೆಂದು ನಿಯಮವೂ ಇಲ್ಲ. ಫ್ಯಾನ್ ನೋಡುತ್ತ ಕುಳಿತೆ.

“ಡಾಕ್ಟ್ರಮ್ಮಾ ಹೇಳಿದ್ರು,” ಎಂದರು ಅಮುದಾ, ಮೈಕು ಇಲ್ಲದೆ. “ಪಾಪಾನ ತೊಗಲು ತೆಳ್ಳಗಾಗೈತಂತೆ. ಇನ್ನಾ ಹಚ್ಚಿದ್ರೆ ವಾಸಿಯಾಗಾಕೆ ವರ್ಸಗಟ್ಲೆ ಆಗ್ತೈತಂತೆ.”

ಅಧ್ಯಕ್ಷರು ಕೈ ಅಡ್ಡ ಹಿಡಿದರು. “ತಾಯಿ, ಆ ಮಾತು ಈಗ ಇಲ್ಲ.”

“ಯಾವ ಮಾತು?”

“ನೀ ಈಗ ಅಂದೆಯಲ್ಲಾ, ಅದು. ಕೂಟದಾಗೆ ಅದ ಆಡಂಗಿಲ್ಲ. ಹೊಸ ಮಾತ್ನಾಗೆ ಹೇಳ್ಬೇಕು.”

ಅಮುದಾ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರು ಹೇಳದಿದ್ದರಿಂದ, ಸಭೆಯ ಅನುಕೂಲಕ್ಕಾಗಿ ಅಧ್ಯಕ್ಷರೇ ಮೈಕು ತೆಗೆದುಕೊಂಡು, ಡಾಕ್ಟರ ಅಭಿಪ್ರಾಯವನ್ನು ಶುದ್ಧ ಮನೆಮಾತಿನಲ್ಲಿ ಪ್ರಕಟಿಸಿದರು.

“ಮಹಾಜನಗಳೇ, ಡಾಕ್ಟ್ರೇ ಹೇಳವ್ರೆ. ಪಾಪಾನ ತೊಗಲು ಬೆಳ್ಳಗಾಗೈತೆ.”

ಚಪ್ಪಾಳೆ ಮಂಟಪದ ಹೊರಗೆ ಅಡುಗೆಯವರಿಗೂ ಕೇಳಿಸಿತು. ಯಾರಿಗೆ ಯಾವ ಅರ್ಥ ಬೇಕಿತ್ತೋ ಅದು ಸಿಕ್ಕಿತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದ ಓಚ್ಚಮ್ಮಾಳ್ ಅವರಿಗೆ ಸಂತೋಷದಿಂದ ಕಣ್ಣೀರು ಬಂತು. ಅವರು ಬದುಕಿನಲ್ಲಿ ಯಾವುದನ್ನೂ ಇಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ. ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಅದರಲ್ಲಿ ಯಾರಿಗೂ ಸಂದೇಹವಿಲ್ಲ.

ಮಗುವೂ ಒಂದೆರಡು ಮಾತಾಡಲಿ ಎಂದು ಕರುಪ್ಪಯ್ಯ ಸೂಚಿಸಿದರು. ಮೈಕನ್ನು ತಗ್ಗಿಸಲಾಯಿತು. ನಮ್ಮ ಈಗಿನ ಮಕ್ಕಳು ಮನೆಮಾತು ಆಡುವುದಿಲ್ಲವೆಂದು ಎಲ್ಲರಿಗೂ ಗೊತ್ತು; ಆದರೆ ತಮಿಳರಸಿ ಆಡಿದಳು. ಅಜ್ಜಿಯ ಬಳಿ ಬೆಳೆದ ಮಗು.

“ಬೆಳ್ಳಗೆ ಅಂದ್ರೆ ಉರಿಯೋದಾ?”

ಪದವನ್ನು ಅವಳು ಕಲಿತದ್ದು ದಿನಕ್ಕೆ ಎರಡು ಸಲ, ಕೆನ್ನೆಯ ಮೇಲೆ. ಅವಳಿಗೆ ಅದಕ್ಕಿಂತ ಬೇರೆ ಅರ್ಥ ಯಾರೂ ತೋರಿಸಿರಲಿಲ್ಲ. ಓಚ್ಚಮ್ಮಾಳ್ ಕಣ್ಣೊರೆಸಿಕೊಳ್ಳುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

“ಒಳ್ಳೇ ಕೇಳ್ವಿ,” ಎಂದರು ಅಧ್ಯಕ್ಷರು. ಭಾಷಾ ಉಪಸಮಿತಿ ಅಲ್ಲಿಯೇ ಇದ್ದುದರಿಂದ ವೇದಿಕೆಯ ಹಿಂದೆ ಸೇರಿ ಚರ್ಚಿಸಿತು. ಒಂದು ಪದಕ್ಕೆ ಎರಡು ಅರ್ಥ ಇರಬಹುದಾದರೆ ಮೂರು ಯಾಕಿರಬಾರದು, ಮೂರಿದ್ದಷ್ಟೂ ಭಾಷೆ ಶ್ರೀಮಂತ ಎಂಬ ಅಭಿಪ್ರಾಯ ಬಂತು. ‘ಬೆಳ್ಳಗೆ’ ಎಂದರೆ ‘ಉರಿಯುವುದು’ ಎಂಬ ಅರ್ಥವನ್ನೂ ಸೇರಿಸುವ ತೀರ್ಮಾನವನ್ನು ಮತಕ್ಕೆ ಹಾಕಲಾಯಿತು.

ಮೊದಲು ಕೈ ಎತ್ತಿದವರು ಅಮುದಾ. ಅವರು ಸಂಘದ ಯಾವ ತೀರ್ಮಾನಕ್ಕೂ ಈವರೆಗೆ ಕೈ ಎತ್ತಿದವರಲ್ಲ. ಎತ್ತಿದ ಕೈಯನ್ನು ಅತ್ತೆಗೆ ಕಾಣುವಂತೆ ಹಿಡಿದು ನಿಂತರು. ಓಚ್ಚಮ್ಮಾಳ್ ಸೊಸೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಆಮೇಲೆ ಶಾಲಿನೊಳಗಿಂದ ತಮ್ಮ ಕೈಯನ್ನೂ ನಿಧಾನವಾಗಿ ಎತ್ತಿದರು. ನಾನು ಎತ್ತಿದೆ. ಅಧ್ಯಕ್ಷರೂ ಎತ್ತಿದರು.

ತೀರ್ಮಾನ ಸರ್ವಾನುಮತದಿಂದ ಅಂಗೀಕಾರವಾಯಿತು. ಹಿಂದಿನ ನೋಟೀಸಿಗೆ ಇದು ಅನ್ವಯಿಸುವುದಿಲ್ಲ.